ಮಕ್ಕಳು ಓದಲು ಹೊರಟಾಗ ಉಪ್ಪ ಹೇಳಬೇಕಾದ ಲೆಕ್ಕ

ಶುಐಬಾದಲ್ಲಿ ನಡೆದ ಕುಟುಂಬ ಸಂಗಮದಲ್ಲಿ ಮಾಡಿದ ಮಾತಿನ ಬರಹರೂಪ



ನನಗೆ ಕೊಟ್ಟ ವಿಷಯ ‘ವಿದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ಕೆಲವು ಸಲಹೆಗಳು’. ಕಾರ್ಯದರ್ಶಿಯವರು ಕೇಳಿದಾಗ ನಾನು ಹೇಳಿದೆ, ಮಾರಾಯ್ರೆ, ನಾನು ಬಿ.ಕಾಂ. ಓದಿದ್ದು ಊರಲ್ಲಿ, ದುಡಿಯುವುದು ಇಲ್ಲಿ, ಹೊರದೇಶದ ಕಾಲೇಜಿನ ಗೇಟು ದಾಟಿದವನಲ್ಲ, ನನ್ನನ್ನು ಯಾಕೆ ಕರೆಯುತ್ತೀರಿ ಅಂತ. ‘ನೀವು ಲೆಕ್ಕ ಹೇಳಿ ಸಾಕು’ ಅಂದರು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಬೇಸರ ಆಗುವವರು ಚಾ ಕುಡಿಯಬಹುದು.

ಹತ್ತು ಹದಿನೈದು ವರ್ಷದ ಹಿಂದೆ ನಮ್ಮಲ್ಲಿ ಒಬ್ಬರ ಮಗ ಪಿಯುಸಿ ಮುಗಿಸಿದ ಅಂದರೆ ‘ಒಂದು ವೀಸಾ ಸಿಗಬಹುದಾ’ ಎಂಬ ಮಾತು ಬರುತ್ತಿತ್ತು. ಈಗ ಬರುವ ಮಾತು ಬೇರೆ. ಮಗ ಜರ್ಮನಿಗೆ ಅಂತಾನೆ, ಮಗಳಿಗೆ ಜಾರ್ಜಿಯಾದಲ್ಲಿ ಎಂಬಿಬಿಎಸ್ ಸೀಟು ಇದೆಯಂತೆ, ಅಳಿಯ ಇಂಗ್ಲೆಂಡಿಗೆ ಎಂಎಸ್ಸಿ ಮಾಡಲು ಹೋಗ್ತಾನಂತೆ. ಬಹಳ ಸಂತೋಷದ ಮಾತು. ಶುಐಬಾ, ಮೀನಾ ಅಬ್ದುಲ್ಲಾ ಕಡೆ ಪೈಪು ಹೊತ್ತ, ಸ್ಕ್ಯಾಫೋಲ್ಡಿಂಗ್ ಕಟ್ಟಿದ, ಪೋರ್ಟಿನಲ್ಲಿ ಲೋಡು ಇಳಿಸಿದ ಕೈಗಳ ಸಂಬಳದಲ್ಲಿ ಮಕ್ಕಳು ಎಂಜಿನಿಯರ್, ಡಾಕ್ಟರ್ ಆಗಲು ಹೊರಟಿದ್ದಾರೆ. ಬೇಡ ಎನ್ನುವವನು ನಾನಲ್ಲ. ಆದರೆ ಮೊನ್ನೆ ಮೊನ್ನೆ ಒಂದು ಮನೆಯ ಲೆಕ್ಕ ನನ್ನ ಮುಂದೆ ಬಂತು. ಹೆಸರು, ಊರು ಬೇಡ. ಅವರ ಒಪ್ಪಿಗೆಯಿಂದಲೇ ಹೇಳುತ್ತೇನೆ.

ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ‘ಬ್ಲಾಕ್ಡ್ ಅಕೌಂಟ್’ ಅಂತ ಒಂದು ಇದೆ. ಒಂದು ವರ್ಷದ ಊಟ, ಬಾಡಿಗೆಗೆ ಬೇಕಾದ ಹಣ ಮೊದಲೇ ಅದರಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ, ಅಂದರೆ ತಿಂಗಳಿಗೆ 992. ಮಗು ಅಲ್ಲಿಗೆ ತಲುಪಿದ ಮೇಲೆ ತಿಂಗಳು ತಿಂಗಳು ಆ 992 ಮಾತ್ರ ಬಿಡುಗಡೆ ಆಗುತ್ತದೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಅದು ನಿಜ. ಅದಕ್ಕೇ ನಮ್ಮವರು ‘ಜರ್ಮನಿ ಫ್ರೀ’ ಅಂತ ಹೇಳುವುದು. ಆದರೆ ಊಟ ಫ್ರೀ ಅಲ್ಲವಲ್ಲ.

ಆ ಉಪ್ಪ ಈ 11,904 ಯೂರೋವನ್ನು ‘ತೋರಿಸುವ ದುಡ್ಡು’ ಎಂದು ತಿಳಿದರು. ಏಜೆಂಟ್ ಹಾಗೇ ಹೇಳಿದ್ದ: ‘ತೋರಿಸಿದರೆ ಸಾಕು, ಆಮೇಲೆ ನಿಮ್ಮದೇ.’ ಇವರು ಕ್ಯಾಂಪಿನಲ್ಲಿ, ಬೇರೆ ಕಂಪೆನಿಯಲ್ಲಿ, ಊರಿನಲ್ಲಿ, ಎಲ್ಲಾ ಸೇರಿ ಹನ್ನೊಂದು ಜನರಿಂದ ಕೈಸಾಲ ಮಾಡಿದರು. ಒಬ್ಬೊಬ್ಬರಿಗೂ ‘ಆರು ತಿಂಗಳಲ್ಲಿ ಕೊಡುತ್ತೇನೆ’ ಎಂಬ ಮಾತು. ಮಗ ಹೋದ. ತಿಂಗಳಿಗೆ 992 ಬಂತು. ಅದರಲ್ಲಿ ಹೆಚ್ಚಿನದು ವಾಪಸ್ ಇಲ್ಲಿಗೆ ಬರತೊಡಗಿತು, ಸಾಲ ತೀರಿಸಲು. ಮಗ ಹಾಸ್ಟೆಲ್ ರೂಮಿನ ಬಾಡಿಗೆ ಕೊಟ್ಟು ಉಳಿದದ್ದರಲ್ಲಿ ಬ್ರೆಡ್ಡು, ನೂಡಲ್ಸು. ಫೋನು ಮಾಡಿದರೆ ‘ಆರಾಮ ಉಪ್ಪಾ’. ಇವರೂ ಇಲ್ಲಿಂದ ‘ಆರಾಮ ಮೋನೇ’. ಇಬ್ಬರೂ ಆರಾಮ! ಉಮ್ಮನಿಗಂತೂ ಎರಡು ಕಡೆಯಿಂದಲೂ ಆರಾಮದ ಸುದ್ದಿ. ಎಂಟು ತಿಂಗಳಾದ ಮೇಲೆ ಹುಡುಗ ತಲೆ ತಿರುಗಿ ಬಿದ್ದು ಆಸ್ಪತ್ರೆ ಸೇರಿದಾಗಲೇ ಗೊತ್ತಾದದ್ದು, ಅವನು ಒಂದು ಸೆಮಿಸ್ಟರಿನ ಪರೀಕ್ಷೆಗಳನ್ನೇ ಬರೆದಿಲ್ಲ ಅಂತ. ಪರೀಕ್ಷೆಯ ದಿನಗಳಲ್ಲಿ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದ.

ಆ ಮಗುವನ್ನು ದೂರಬೇಡಿ. ‘ಆರಾಮ’ ಎನ್ನುವ ಮಾತನ್ನು ಅವನಿಗೆ ಕಲಿಸಿದವರು ಯಾರು? ನಾವೇ ಅಲ್ಲವಾ? ಇಪ್ಪತ್ತು ವರ್ಷದಿಂದ ಫೋನಿನಲ್ಲಿ ಅವನು ಕೇಳಿದ್ದು ಅದನ್ನೇ. ಸಂಬಳ ಎರಡು ತಿಂಗಳು ತಡವಾದಾಗಲೂ ಆರಾಮ, ಜ್ವರ ಬಂದು ಮಲಗಿದಾಗಲೂ ಆರಾಮ. ಪರದೇಶದಲ್ಲಿ ಇರುವುದು ಹೇಗೆ ಎಂಬುದರಲ್ಲಿ ನಮಗಿಂತ ದೊಡ್ಡ ಪಾಠ ಗೊತ್ತಿರುವವರು ಕಡಿಮೆ. ಹೊಸ ರೂಮು, ಗೊತ್ತಿಲ್ಲದ ಭಾಷೆ, ಮೊದಲ ತಿಂಗಳ ಹಣಕ್ಕೆ ಪರದಾಟ, ಕಾಗದ ಕಳೆದರೆ ಆಗುವ ಫಜೀತಿ, ಎಲ್ಲಾ ಗೊತ್ತು. ಮಕ್ಕಳಿಗೆ ಮಾತ್ರ ಹೇಳಿಲ್ಲ. ನಾನಿವತ್ತು ಕೇಳಿಕೊಳ್ಳುವುದು ಇಷ್ಟೇ: ಮಗು ವಿಮಾನ ಹತ್ತುವ ಮೊದಲು ಒಂದು ಸಲ ಕುಳಿತು ನಿಮ್ಮ ನಿಜವಾದ ಲೆಕ್ಕ ಅವನಿಗೆ ಹೇಳಿ. ಅವನ ನಿಜವಾದ ಲೆಕ್ಕ ಅವನಿಂದ ಕೇಳಿ.

ನಿಮ್ಮ ಲೆಕ್ಕ ಅಂದರೆ ಏನು? ಸರ್ವಿಸ್ ಹಣದಿಂದ ಶುರು ಮಾಡೋಣ, ಯಾಕೆಂದರೆ ‘ಸರ್ವಿಸ್ ಹಣ ಬರುತ್ತದಲ್ಲ’ ಎಂಬ ಧೈರ್ಯದ ಮೇಲೆಯೇ ಎಷ್ಟೋ ಜನ ಸೀಟು ಬುಕ್ ಮಾಡುತ್ತಾರೆ. ಕುವೈತಿನ 2010ರ 6ನೇ ನಂಬರಿನ ಕಾರ್ಮಿಕ ಕಾನೂನಿನ ಪ್ರಕಾರ ತಿಂಗಳ ಸಂಬಳದವನಿಗೆ ಮೊದಲ ಐದು ವರ್ಷ, ವರ್ಷಕ್ಕೆ 15 ದಿನದ ಸಂಬಳ. ಆಮೇಲೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಒಟ್ಟು ಒಂದೂವರೆ ವರ್ಷದ ಸಂಬಳವನ್ನು ದಾಟುವ ಹಾಗಿಲ್ಲ. ಈಗ ಲೆಕ್ಕಕ್ಕೆ ಹಿಡಿಯುವ ಸಂಬಳ 150 ದಿನಾರ್ ಅಂತಿಟ್ಟುಕೊಳ್ಳಿ. ದಿನದ ಸಂಬಳ ತೆಗೆಯಲು 26ರಿಂದ ಭಾಗಿಸಬೇಕು. ಮೊದಲ ಐದು ವರ್ಷಕ್ಕೆ 75 ದಿನ, ಹತ್ತಿರ ಹತ್ತಿರ 433 ದಿನಾರ್. ಮತ್ತೆ ಐದು ವರ್ಷಕ್ಕೆ 750. ಹತ್ತು ವರ್ಷ ಮುಗಿಸಿದವನಿಗೆ ಒಟ್ಟು 1,183. ಇಪ್ಪತ್ತು ವರ್ಷ ಮುಗಿಸಿದವನಿಗೆ 2,683. ಒಂದೂವರೆ ವರ್ಷದ ಸಂಬಳ ಅಂದರೆ 2,700. ಅಂದರೆ ಇಪ್ಪತ್ತೊಂದನೇ ವರ್ಷಕ್ಕೆ ಸೇರುವುದು 17 ದಿನಾರ್, ಆಮೇಲೆ ಸಂಬಳ ಹೆಚ್ಚಾಗದಿದ್ದರೆ ಸೊನ್ನೆ. ಇಲ್ಲಿ ಇಪ್ಪತ್ತೈದು ವರ್ಷ ಆದವರು ಇದ್ದೀರಿ, ನೆನಪಿಟ್ಟುಕೊಳ್ಳಿ.

ಈಗ ಜರ್ಮನಿಯ ಆ 11,904 ಯೂರೋವನ್ನು ದಿನಾರಿಗೆ ತಿರುಗಿಸಿ. ದರ ಮೇಲೆ ಕೆಳಗೆ ಆಗುತ್ತದೆ, ಆದರೂ ನಾಲ್ಕು ಸಾವಿರ ದಿನಾರಿನ ಆಸುಪಾಸು. 150 ದಿನಾರಿನವನ ಇಪ್ಪತ್ತು ವರ್ಷದ ಸರ್ವಿಸ್ ಹಣ ಮಗನ ಒಂದು ವರ್ಷದ ಊಟ, ಬಾಡಿಗೆಗೆ ಸಾಲುವುದಿಲ್ಲ. ಇದನ್ನು ಹೇಳಿದಾಗ ಒಬ್ಬರು ನನ್ನ ಮೇಲೆ ಸಿಟ್ಟಾದರು, ಮಕ್ಕಳ ವಿದ್ಯೆಗೆ ಕಲ್ಲು ಹಾಕ್ತೀರಿ ಅಂತ. ಕಲ್ಲಲ್ಲ. ಮಗನಿಗೆ ಈ ಎರಡು ಸಂಖ್ಯೆ ಗೊತ್ತಿದ್ದರೆ ಅವನು ಬೇರೆ ರೀತಿ ಯೋಚನೆ ಮಾಡುತ್ತಾನೆ. ಡಿಗ್ರಿ ಮುಗಿಸಿ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಎರಡು ವರ್ಷ ಕೆಲಸ ಮಾಡಿ, ಸ್ವಲ್ಪ ಕೂಡಿಸಿ ಆಮೇಲೆ ಮಾಸ್ಟರ್ಸಿಗೆ ಹೋಗುತ್ತೇನೆ ಅನ್ನಬಹುದು. ಸ್ಕಾಲರ್‌ಶಿಪ್ ಹುಡುಕಬಹುದು. ನನ್ನ ಅಭಿಪ್ರಾಯ ಕೇಳಿದರೆ, ಪಿಯುಸಿ ಆದ ತಕ್ಷಣ ಕಳಿಸುವುದಕ್ಕಿಂತ ಡಿಗ್ರಿ ಆದ ಮೇಲೆ ಕಳಿಸುವುದು ಒಳ್ಳೆಯದು. ಇಪ್ಪತ್ತೆರಡರ ಹುಡುಗನಿಗೂ ಹದಿನೆಂಟರ ಹುಡುಗನಿಗೂ ವ್ಯತ್ಯಾಸ ಇದೆ. ನಾವೇ ಹದಿನೆಂಟಕ್ಕೆ ಬಂದಿಲ್ಲವಾ ಎನ್ನಬೇಡಿ. ಬಂದದ್ದು ಹೌದು, ಆದರೆ ನಮಗೆ ಕಂಪೆನಿ ಬಸ್ಸು, ಕಂಪೆನಿ ರೂಮು, ಪಕ್ಕದ ಮಂಚದಲ್ಲಿ ಊರಿನವನೊಬ್ಬ ಇದ್ದ.

ಇನ್ನೊಂದು ಎಚ್ಚರಿಕೆ. ಫೀಸಿಗೆ ಹಣ ಬೇಕು ಅಂತ ಅರ್ಜೆಂಟಿನಲ್ಲಿ ರಾಜೀನಾಮೆ ಕೊಟ್ಟು ಸರ್ವಿಸ್ ಹಣ ತೆಗೆಯಲು ಹೋಗಬೇಡಿ. ತಾನಾಗಿ ಬಿಟ್ಟವನಿಗೆ ಮೂರರಿಂದ ಐದು ವರ್ಷದ ಒಳಗೆ ಅರ್ಧ, ಐದರಿಂದ ಹತ್ತರ ಒಳಗೆ ಮೂರರಲ್ಲಿ ಎರಡು ಭಾಗ, ಹತ್ತು ಮುಗಿದ ಮೇಲೆ ಮಾತ್ರ ಪೂರ್ತಿ. ಅದೇ 150ರ ಲೆಕ್ಕದಲ್ಲಿ ಎಂಟು ವರ್ಷ ಆದವನ ಹಣ 883. ಕೈಗೆ ಬರುವುದು 588. ಹತ್ತಿರ ಹತ್ತಿರ ಎರಡು ತಿಂಗಳ ಸಂಬಳ ಬಿಟ್ಟು ಕೊಟ್ಟ ಹಾಗೆ.

ಸಾಲದ ವಿಷಯ. ಬಡ್ಡಿಯ ಸಾಲ ಬೇಡ ಎನ್ನುವವರೇ ನಮ್ಮಲ್ಲಿ ಹೆಚ್ಚು, ಅದಕ್ಕೇ ಹೆಂಡತಿಯ ಚಿನ್ನ, ಊರಿನ ಹತ್ತು ಸೆಂಟ್ಸ್ ಜಾಗ, ಗೆಳೆಯರ ಕೈಸಾಲ, ಇವೇ ನಮ್ಮ ಬ್ಯಾಂಕು. ಸರ್ಕಾರದ ಕಡೆಯಿಂದ ಏನಿದೆ ಎಂದು ಕೇಳದೆ ಇವುಗಳಿಗೆ ಕೈ ಹಾಕಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಮಗುವನ್ನೇ ಕಳಿಸಿ ವಿಚಾರಿಸಲಿ. ಈ ವರ್ಷದ ನಿಯಮ ಏನು, ಕೊನೆಯ ದಿನ ಯಾವುದು ಎಂದು ಅಲ್ಲಿಯೇ ಕೇಳಬೇಕು, ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಬಾರದು. ಒಂದು ಕಚೇರಿಯ ಕಿಟಕಿಯ ಮುಂದೆ ನಿಂತು ಕಾಗದ ಕೇಳಿ ಪಡೆಯಲು ಬಾರದ ಹುಡುಗ ಪರದೇಶಕ್ಕೆ ಇನ್ನೂ ತಯಾರಾಗಿಲ್ಲ ಎಂದೇ ನಾನು ತಿಳಿಯುವುದು.

ಫೀಸು ಕಳಿಸುವ ದಾರಿಯ ಬಗ್ಗೆ ಒಂದು ಮಾತು, ಇದು ನನ್ನ ಕಸುಬಿನದ್ದು. ಅನೇಕರು ಇಲ್ಲಿಂದ ಹಣವನ್ನು ಊರಿನಲ್ಲಿರುವ ಹೆಂಡತಿಯ ಖಾತೆಗೆ ಕಳಿಸಿ, ಅಲ್ಲಿಂದ ಬ್ಯಾಂಕಿನ ಮೂಲಕ ಹೊರದೇಶದ ಕಾಲೇಜಿಗೆ ಕಳಿಸುತ್ತಾರೆ. ಭಾರತದಲ್ಲಿ ವಾಸ ಇರುವವರು ಹೀಗೆ ಹೊರಗೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ದಾಟಿದರೆ ಮೇಲಿನ ಮೊತ್ತಕ್ಕೆ ಬ್ಯಾಂಕು ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತದೆ. ರಿಟರ್ನ್ಸ್ ಹಾಕಿ ಅದನ್ನು ವಾಪಸ್ ಪಡೆಯಬಹುದು, ಆದರೆ ಅಷ್ಟು ದಿನ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಅದೂ ಅಲ್ಲದೆ ದಿನಾರಿನಿಂದ ರೂಪಾಯಿ, ರೂಪಾಯಿಯಿಂದ ಯೂರೋ, ಎರಡು ಸಲ ವಿನಿಮಯದ ಕಡಿತ. ನೀವು ಅನಿವಾಸಿ. ಇಲ್ಲಿಂದ ನೇರವಾಗಿ ಕಾಲೇಜಿನ ಖಾತೆಗೆ ಕಳಿಸಿದರೆ, ಅಥವಾ ನಿಮ್ಮ ಹೆಸರಿನ ಎನ್‌ಆರ್‌ಇ ಖಾತೆಯಿಂದ ಕಳಿಸಿದರೆ, ಆ ಟಿಸಿಎಸ್ ಇಲ್ಲ. ರಸೀದಿಯನ್ನು ಮಾತ್ರ ಜೋಪಾನ ಮಾಡಿ. ಮತ್ತು ಯಾವತ್ತೂ ಏಜೆಂಟನ ಸ್ವಂತ ಖಾತೆಗೆ ಕಾಲೇಜು ಫೀಸು ಹಾಕಬೇಡಿ.

ಇಂಗ್ಲೆಂಡಿಗೆ ಹೋಗುವವರಿಗೂ ಹಣ ತೋರಿಸುವ ನಿಯಮ ಇದೆ. ಅಲ್ಲಿ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಒಂದೇ ಒಂದು ದಿನ ಕಡಿಮೆಯಾದರೂ ವೀಸಾ ತಿರಸ್ಕಾರ ಆಗಬಹುದು. ತಂದೆ ತಾಯಿಯ ಖಾತೆಯಲ್ಲಿದ್ದರೂ ನಡೆಯುತ್ತದೆ, ಜನನ ಪ್ರಮಾಣಪತ್ರ ಮತ್ತು ನಿಮ್ಮ ಒಪ್ಪಿಗೆ ಪತ್ರ ಇಡಬೇಕು. ಇಲ್ಲಿಯೇ ನಮ್ಮವರಿಗೆ ಒಂದು ತೊಡಕು. ಪಾಸ್‌ಪೋರ್ಟಿನಲ್ಲಿ ಉಪ್ಪನ ಹೆಸರು ಒಂದು, ಮಗುವಿನ ಜನನ ಪತ್ರದಲ್ಲಿ ಇನ್ನೊಂದು, ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು. ಒಂದರಲ್ಲಿ ಮನೆತನದ ಹೆಸರು ಇದೆ, ಇನ್ನೊಂದರಲ್ಲಿ ಇಲ್ಲ. ಮುಹಮ್ಮದ್ ಅನ್ನುವುದನ್ನೇ ನಾಲ್ಕು ರೀತಿ ಬರೆದಿರುತ್ತಾರೆ. ಇದನ್ನು ಸರಿ ಮಾಡಲು ತಿಂಗಳುಗಟ್ಟಲೆ ಬೇಕು. ಮಗು ಹತ್ತನೇ ಕ್ಲಾಸಿನಲ್ಲಿ ಇರುವಾಗಲೇ ಈ ಮೂರು ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಊರಿಗೆ ರಜೆಯಲ್ಲಿ ಹೋದಾಗ ಮಾಡಬೇಕಾದ ಮೊದಲ ಕೆಲಸ ಅದು, ಮದುವೆ ಊಟಗಳೆಲ್ಲ ಆಮೇಲೆ.

ಏಜೆಂಟರ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ನಾವು ಕೆಲಸಕ್ಕೆ ಬರುವಾಗ ನೋಂದಾಯಿತ ಏಜೆಂಟ್ ನಮ್ಮಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವ ಹಾಗಿಲ್ಲ ಎಂದು ಭಾರತದಲ್ಲಿ ನಿಯಮ ಇದೆ. ಪಾಲಿಸುತ್ತಾರಾ ಎಂಬುದು ಬೇರೆ ಪ್ರಶ್ನೆ, ನಗಬೇಡಿ. ಓದಲು ಕಳಿಸುವ ಕನ್ಸಲ್ಟೆನ್ಸಿಗಳಿಗೆ ಅಂಥ ಮಿತಿಯೂ ಇಲ್ಲ. ಇವರಲ್ಲಿ ಅನೇಕರಿಗೆ ಕಾಲೇಜಿನಿಂದಲೇ ಕಮಿಷನ್ ಬರುತ್ತದೆ. ಹಾಗಾಗಿ ಅವರು ತೋರಿಸುವ ಕಾಲೇಜು ನಿಮ್ಮ ಮಗುವಿಗೆ ಒಳ್ಳೆಯದೋ ಅವರಿಗೆ ಒಳ್ಳೆಯದೋ ಎಂದು ಯಾವಾಗಲೂ ಕೇಳಿಕೊಳ್ಳಿ. 2023ರಲ್ಲಿ ಕೆನಡಾದಲ್ಲಿ ನಮ್ಮ ದೇಶದ ಎಷ್ಟೋ ವಿದ್ಯಾರ್ಥಿಗಳಿಗೆ ಗಡೀಪಾರಿನ ನೋಟಿಸ್ ಬಂತು, ವರ್ಷಗಳ ಹಿಂದೆ ಏಜೆಂಟ್ ಕೊಟ್ಟ ಪ್ರವೇಶ ಪತ್ರವೇ ನಕಲಿ ಎಂದು ಆಮೇಲೆ ಗೊತ್ತಾಗಿ. ಪ್ರವೇಶ ಪತ್ರ ಬಂದ ದಿನವೇ ಮಗು ನೇರವಾಗಿ ಕಾಲೇಜಿಗೆ ಇಮೇಲ್ ಮಾಡಿ ಕೇಳಲಿ: ಇದು ನಿಮ್ಮದೇ ಪತ್ರವಾ? ಒಂದು ಇಮೇಲು, ಖರ್ಚಿಲ್ಲ.

ಎಂಬಿಬಿಎಸ್ಸಿಗೆ ಕಳಿಸುವವರಿಗೆ ಇನ್ನೂ ನಾಲ್ಕು ಮಾತು ಜಾಸ್ತಿ ಹೇಳಬೇಕು. 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಹೋಗುವ ಮೊದಲು ನೀಟ್ ಅರ್ಹತೆ ಬೇಕೇ ಬೇಕು. ಮರಳಿ ಬಂದ ಮೇಲೆ ಭಾರತದ ಅರ್ಹತಾ ಪರೀಕ್ಷೆ ಪಾಸಾಗಬೇಕು, ಮತ್ತೆ ಇಲ್ಲಿಯೂ ಇಂಟರ್ನ್‌ಶಿಪ್. ‘ನೀಟ್ ಇಲ್ಲದೆಯೂ ಮಾಡಿಸ್ತೇವೆ’ ಎನ್ನುವವನು ನಿಮ್ಮ ಮಗಳನ್ನು ಡಾಕ್ಟರ್ ಮಾಡುವುದಿಲ್ಲ. ಆರು ವರ್ಷದ ಫೀಸು ಕಟ್ಟಿಸುತ್ತಾನೆ ಅಷ್ಟೇ.

ಇನ್ನು ಅಲ್ಲಿಗೆ ತಲುಪಿದ ಮೇಲಿನ ವಿಷಯ. ಮಕ್ಕಳೇ, ಇದು ನಿಮಗೆ.

ಮೊದಲ ವಾರದಲ್ಲಿ ಕಾಗದದ ಕೆಲಸ ಮುಗಿಸಿ. ಇಲ್ಲಿ ಬತಾಕ ಇಲ್ಲದವನ ಸ್ಥಿತಿ ಹೇಗೆ ಎಂದು ನಿಮ್ಮ ಉಪ್ಪನನ್ನು ಕೇಳಿ, ಸಿಮ್ ಸಿಗುವುದಿಲ್ಲ, ಬ್ಯಾಂಕ್ ಖಾತೆ ಇಲ್ಲ, ಆಸ್ಪತ್ರೆಯಲ್ಲೂ ತೊಂದರೆ. ಎಲ್ಲಾ ದೇಶದಲ್ಲೂ ಅಂಥದೊಂದು ಕಾಗದ ಇರುತ್ತದೆ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದ ಒಳಗೆ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಅದಾಗದೆ ಮುಂದಿನ ಎಷ್ಟೋ ಕೆಲಸ ನಿಲ್ಲುತ್ತದೆ. ಅದಕ್ಕೆ ಮನೆ ಮಾಲೀಕನ ಸಹಿಯ ಕಾಗದ ಬೇಕು, ಹಾಗಾಗಿ ಸಹಿ ಕೊಡದ ಮಾಲೀಕನ ರೂಮು ಎಷ್ಟು ಅಗ್ಗವಾದರೂ ಬೇಡ. ಅಲ್ಲಿ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ರೇಡಿಯೋ ಟಿವಿ ಶುಲ್ಕ ಇದೆ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಮನೆಗೆ ಬಂದ ಆ ಪತ್ರವನ್ನು ಜಾಹೀರಾತು ಎಂದು ಬಿಸಾಡಿ ಆಮೇಲೆ ದಂಡ ಸೇರಿಸಿ ಕಟ್ಟಿದ ಮಕ್ಕಳಿದ್ದಾರೆ. ಅರ್ಥವಾಗದ ಭಾಷೆಯ ಪತ್ರ ಬಂದರೆ ಬಿಸಾಡಬೇಡಿ, ಫೋಟೋ ತೆಗೆದು ಅನುವಾದ ಮಾಡಿ ನೋಡಿ.

ಇಂಗ್ಲೆಂಡಿಗೆ ಹೋಗುವವರು ವೀಸಾದ ಜೊತೆಯಲ್ಲೇ ಆರೋಗ್ಯದ ಶುಲ್ಕ ಕಟ್ಟಿರುತ್ತೀರಿ, ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಅಷ್ಟು ಕಟ್ಟಿಯೂ ಹತ್ತಿರದ ಜಿಪಿ ಡಾಕ್ಟರ ಬಳಿ ಹೆಸರು ನೋಂದಾಯಿಸದೆ, ಜ್ವರ ಬಂದಾಗ ಊರಿನಿಂದ ತಂದ ಗುಳಿಗೆ ನುಂಗಿ ಮಲಗಬೇಡಿ. ಅಲ್ಲಿ ರೂಮಿಗೆ ಕೊಡುವ ಅಡ್ವಾನ್ಸ್, ವಾರ್ಷಿಕ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ, ಐದು ವಾರದ ಬಾಡಿಗೆಗಿಂತ ಹೆಚ್ಚು ಇರಬಾರದು. ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಮಾಲೀಕ ಅದನ್ನು 30 ದಿನದ ಒಳಗೆ ಸರ್ಕಾರ ಒಪ್ಪಿದ ಯೋಜನೆಯಲ್ಲಿ ಇಡಬೇಕು. ಇದು ಇಂಗ್ಲೆಂಡಿನ ಕಾನೂನು. ರೂಮು ನೋಡದೆ, ಫೋಟೋ ನೋಡಿ ಮೊದಲೇ ಹಣ ಕಳಿಸಬೇಡಿ.

ರೂಮಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಇಲ್ಲಿಂದ ಸ್ವಲ್ಪ ದೂರ ಮಂಗಾಫ್‌ನಲ್ಲಿ 2024ರ ಜೂನ್ 12ರ ಬೆಳಗಿನ ಜಾವ ಕಟ್ಟಡಕ್ಕೆ ಬೆಂಕಿ ಬಿತ್ತು. ಐವತ್ತರ ಹತ್ತಿರ ಜನ ಸತ್ತರು, ಹೆಚ್ಚಿನವರು ನಮ್ಮ ದೇಶದವರೇ. ಮಲಗಿದ್ದಲ್ಲೇ ಹೊಗೆಗೆ ಸಿಕ್ಕವರು ಎಷ್ಟೋ ಮಂದಿ. ಆ ವಾರ ನಮ್ಮ ಯಾರ ಮನೆಯ ಫೋನಿಗೂ ಬಿಡುವು ಇರಲಿಲ್ಲ, ನೆನಪಿರಬಹುದು. ಮಕ್ಕಳೇ, ಹೊಸ ರೂಮಿಗೆ ಹೋದ ಮೊದಲ ರಾತ್ರಿಯೇ ಎರಡನೇ ಬಾಗಿಲು ಎಲ್ಲಿದೆ, ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ, ಹೊಗೆಯ ಅಲಾರಂ ಕೆಲಸ ಮಾಡುತ್ತದಾ ಎಂದು ನೋಡಿ. ಅಡುಗೆ ಮಾಡುವಾಗ ಶಬ್ದ ಮಾಡುತ್ತದೆ ಎಂದು ಆ ಅಲಾರಂಗೆ ಪ್ಲಾಸ್ಟಿಕ್ ಕಟ್ಟುವವರಿದ್ದಾರೆ, ಅದನ್ನು ಮಾಡಬೇಡಿ. ಬಾಡಿಗೆ ಉಳಿಸಲು ಇಬ್ಬರ ರೂಮಿನಲ್ಲಿ ಆರು ಜನ ಮಲಗಬೇಡಿ. ನಿಮ್ಮ ಉಪ್ಪಂದಿರು ಹಾಗೆ ಮಲಗಿದ್ದಾರೆ, ಅದು ಅನುಕರಿಸಬೇಕಾದ ವಿಷಯ ಅಲ್ಲ.

ಅಡುಗೆ ಕಲಿತು ಹೋಗಿ. ಅನ್ನ, ಬೇಳೆ, ಮೊಟ್ಟೆ, ಒಂದು ಕೋಳಿ ಸಾರು, ಇಷ್ಟು ಬಂದರೆ ಸಾಕು. ಉಮ್ಮಂದಿರೇ, ಮಗನನ್ನು ಒಂದು ತಿಂಗಳು ಅಡುಗೆ ಮನೆಗೆ ಬಿಡಿ. ಹುಡುಗಿಯರಿಗೆ ಮಾತ್ರ ಕಲಿಸುವ ಪದ್ಧತಿ ನಮ್ಮದು, ಆದರೆ ಹಸಿವೆ ಆಗುವುದು ಇಬ್ಬರಿಗೂ. ಇಲ್ಲಿ ಮೆಸ್ಸು ಇದೆ, ಅಲ್ಲಿ ಇಲ್ಲ. ಹೊರಗೆ ತಿಂದರೆ 992 ಯೂರೋ ಹದಿನೈದು ದಿನಕ್ಕೂ ಬಾರದು. ಹಲಾಲ್ ಅಂಗಡಿ ದೊಡ್ಡ ನಗರಗಳಲ್ಲಿ ಸಿಗುತ್ತದೆ, ಸಣ್ಣ ಊರಾದರೆ ವಾರಕ್ಕೊಮ್ಮೆ ಹೋಗಿ ತರಬೇಕು. ಜರ್ಮನಿಯಲ್ಲಿ ಆದಿತ್ಯವಾರ ಅಂಗಡಿಗಳೇ ಮುಚ್ಚಿರುತ್ತವೆ. ಶನಿವಾರವೇ ತಂದಿಡಿ.

ಈಗ ಕೆಲಸ. ನಮ್ಮ ಮನೆಗಳಲ್ಲಿ ಓವರ್‌ಟೈಮ್ ಎಂದರೆ ಒಳ್ಳೆಯ ಸುದ್ದಿ. ಮಕ್ಕಳ ವಿಷಯದಲ್ಲಿ ಅದು ಕೆಟ್ಟ ಸುದ್ದಿ. ಇಂಗ್ಲೆಂಡಿನಲ್ಲಿ ಪದವಿ ಓದುವವರು ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಕೆನಡಾದಲ್ಲಿ 2024ರ ನವೆಂಬರಿನಿಂದ ಕಾಲೇಜಿನ ಹೊರಗೆ ವಾರಕ್ಕೆ 24. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ. ಇದನ್ನು ಮೀರಿದರೆ ವೀಸಾಕ್ಕೇ ಕುತ್ತು. ‘ಕೈಯಲ್ಲಿ ಕ್ಯಾಶ್ ಕೊಡ್ತೇನೆ, ಲೆಕ್ಕಕ್ಕೆ ಬರುವುದಿಲ್ಲ’ ಎನ್ನುವ ಅಂಗಡಿಯವನು ನಮ್ಮ ಭಾಷೆಯವನೇ ಆಗಿದ್ದರೂ ದೂರ ಇರಿ. ಲೆಕ್ಕಕ್ಕೆ ಬಾರದ ಕೆಲಸದಲ್ಲಿ ಸಂಬಳ ಕೊಡದಿದ್ದರೆ ಕೇಳುವ ಜಾಗವೂ ಇರುವುದಿಲ್ಲ. ಪೋಷಕರೇ, ಪಾರ್ಟ್ ಟೈಮ್ ದುಡಿದು ಮಗ ಫೀಸು ಕಟ್ಟುತ್ತಾನೆ ಎಂಬ ಲೆಕ್ಕ ಹಾಕಬೇಡಿ. ಆ ದುಡಿಮೆ ಊಟ ಬಸ್ಸಿನ ಖರ್ಚಿಗೆ ಆದರೆ ಅದೇ ದೊಡ್ಡದು.

ನಿಮ್ಮ ಬ್ಯಾಂಕ್ ಖಾತೆಯನ್ನು ಯಾರಿಗೂ ಬಳಸಲು ಕೊಡಬೇಡಿ. ‘ನನ್ನ ಹಣ ನಿನ್ನ ಖಾತೆಗೆ ಬರುತ್ತದೆ, ಸ್ವಲ್ಪ ನೀನು ಇಟ್ಟುಕೊಂಡು ಉಳಿದದ್ದು ಕಳಿಸು’ ಎನ್ನುವವರು ಹೊಸ ವಿದ್ಯಾರ್ಥಿಗಳನ್ನೇ ಹುಡುಕುತ್ತಾರೆ. ಅದು ಕದ್ದ ಹಣ ಆಗಿರುತ್ತದೆ, ಪೊಲೀಸರಿಗೆ ಸಿಗುವ ಹೆಸರು ನಿಮ್ಮದು. ಇಲ್ಲಿಯೂ ತನ್ನ ಬತಾಕದಲ್ಲಿ ಬೇರೆಯವನಿಗೆ ಸಿಮ್ ತೆಗೆದು ಕೊಟ್ಟು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಕಥೆ ನಿಮ್ಮ ಉಪ್ಪನಿಗೆ ಗೊತ್ತು.

ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿಯನ್ನು ಉಪ್ಪನ ಫೋನಿಗೂ ಕಳಿಸಿಡಿ. 1990ರ ಆಗಸ್ಟ್ ಎರಡರ ನಂತರ ಇಲ್ಲಿಂದ ಅಮ್ಮಾನ್ ದಾರಿಯಾಗಿ ಒಂದು ಲಕ್ಷದ ಎಪ್ಪತ್ತು ಸಾವಿರದಷ್ಟು ನಮ್ಮವರು ಊರು ಸೇರಿದರು. ಆಗ ಕಾಗದ ಕೈಯಲ್ಲಿದ್ದವನಿಗೂ ಇಲ್ಲದವನಿಗೂ ಇದ್ದ ವ್ಯತ್ಯಾಸವನ್ನು ಹಿರಿಯರು ಹೇಳಿಯಾರು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿದ್ದದ್ದು ಕಾರ್ಮಿಕರಲ್ಲ, ವೈದ್ಯಕೀಯ ಓದುವ ಮಕ್ಕಳು. ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಟಿದ್ದ ನಮ್ಮ ಹಾವೇರಿ ಜಿಲ್ಲೆಯ ಹುಡುಗ ಶೆಲ್ ದಾಳಿಯಲ್ಲಿ ಸತ್ತ. ಹೆದರಿಸಲು ಹೇಳುತ್ತಿಲ್ಲ. ದೇಶ ಯಾವುದು, ಅಲ್ಲಿ ಈಗ ಪರಿಸ್ಥಿತಿ ಹೇಗಿದೆ ಎಂದು ಫೀಸಿನಷ್ಟೇ ಗಮನದಿಂದ ನೋಡಿ.

ಫೋನಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಜರ್ಮನಿ ನಮ್ಮ ಕುವೈತಿಗಿಂತ ಬೇಸಿಗೆಯಲ್ಲಿ ಒಂದು ಗಂಟೆ, ಚಳಿಗಾಲದಲ್ಲಿ ಎರಡು ಗಂಟೆ ಹಿಂದೆ. ಇಂಗ್ಲೆಂಡ್ ಎರಡು, ಮೂರು ಗಂಟೆ. ಮಗು ಕಾಲೇಜು ಮುಗಿಸಿ ರೂಮಿಗೆ ಬರುವಾಗ ಊರಿನಲ್ಲಿ ಉಮ್ಮ ಮಲಗಿರುತ್ತಾಳೆ, ನೀವು ಎಚ್ಚರ ಇರುತ್ತೀರಿ. ಆ ಹೊತ್ತಿನಲ್ಲಿ ಮಾತಾಡಲು ಅವನಿಗೆ ಸಿಗುವವರು ನೀವು. ನವೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ, ವಾರಗಟ್ಟಲೆ ಸೂರ್ಯ ಕಾಣದ ದಿನಗಳೂ ಇರುತ್ತವೆ. ಇಲ್ಲಿ ಬಿಸಿಲಿಗೆ ಹೆದರಿದ ಹಾಗೆ ಅಲ್ಲಿ ಆ ಕತ್ತಲೆಗೆ ಹೆದರಬೇಕು. ಮಕ್ಕಳು ಮಂಕಾಗುವುದು ಆ ತಿಂಗಳುಗಳಲ್ಲೇ. ‘ಊಟ ಆಯ್ತಾ, ನಮಾಜ್ ಆಯ್ತಾ, ಓದು ಹೇಗಿದೆ’ ಎಂದು ಮೂರು ಪ್ರಶ್ನೆ ಕೇಳಿ ಫೋನಿಡಬೇಡಿ. ಇವತ್ತು ನಿಮಗೆ ಏನಾಯಿತು ಅಂತ ಮೊದಲು ನೀವು ಹೇಳಿ. ಫೋರ್‌ಮ್ಯಾನ್ ಬೈದದ್ದು, ಬಸ್ಸು ತಪ್ಪಿದ್ದು, ಸಂಬಳ ತಡವಾದದ್ದು. ಉಪ್ಪನಿಗೂ ಬೈಗುಳ ಸಿಗುತ್ತದೆ ಎಂದು ಗೊತ್ತಾದ ಮಗ, ತಾನು ಒಂದು ವಿಷಯದಲ್ಲಿ ಫೇಲಾದದ್ದನ್ನು ಹೇಳುತ್ತಾನೆ. ಫೇಲಾದರೆ ಮತ್ತೆ ಬರೆಯಬಹುದು, ಆದರೆ ಅನೇಕ ಕಡೆ ಇಷ್ಟೇ ಸಲ ಬರೆಯಬಹುದು ಎಂಬ ಮಿತಿ ಇದೆ. ಮೊದಲ ಸಲವೇ ಗೊತ್ತಾದರೆ ಏನಾದರೂ ಮಾಡಬಹುದು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಕಚೇರಿ ಇರುತ್ತದೆ, ಮನಸ್ಸಿನ ತೊಂದರೆಗೆ ಸಲಹೆಗಾರರೂ ಇರುತ್ತಾರೆ. ಅದು ಹುಚ್ಚರಿಗೆ ಎಂದು ಯಾರೂ ತಿಳಿಯಬಾರದು.

ನಾನು ಆರಂಭದಲ್ಲಿ ಹೇಳಿದ ಆ ಹುಡುಗ ಈಗ ಚೇತರಿಸಿಕೊಂಡಿದ್ದಾನೆ. ಹನ್ನೊಂದು ಸಾಲಗಾರರನ್ನೂ ಒಂದು ಕಡೆ ಕೂರಿಸಿ, ಯಾರಿಗೆ ಯಾವ ತಿಂಗಳು ಎಷ್ಟು ಎಂದು ಪಟ್ಟಿ ಬರೆದೆವು. ಮೂವರು ಎರಡು ವರ್ಷ ಕಾಯುತ್ತೇವೆ ಎಂದರು. ಮಗನ 992ರಿಂದ ಇನ್ನು ಇಲ್ಲಿಗೆ ಏನೂ ಬರುವುದಿಲ್ಲ. ಉಪ್ಪನ ಸಂಬಳದಲ್ಲಿ ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ ಎಂಬ ಆ ಪಟ್ಟಿಯ ಪ್ರತಿ ಮಗನ ಬಳಿಯೂ ಇದೆ. ಸೆಮಿಸ್ಟರ್ ಒಂದು ಹೆಚ್ಚಾಯಿತು, ಓದು ನಡೆಯುತ್ತಿದೆ.

ಈ ವರ್ಷ ಮಕ್ಕಳನ್ನು ಕಳಿಸುವವರು ಇದ್ದರೆ ಬರುವ ಎರಡು ಶುಕ್ರವಾರ ಅಸರ್ ನಮಾಜಿನ ನಂತರ ಇದೇ ಹಾಲಿನಲ್ಲಿ ನಾನು ಇರುತ್ತೇನೆ. ಬರುವಾಗ ಪ್ರವೇಶ ಪತ್ರ, ಕಾಲೇಜಿನ ಫೀಸಿನ ವಿವರ, ನಿಮ್ಮ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮಗುವಿನ ಮತ್ತು ನಿಮ್ಮ ಪಾಸ್‌ಪೋರ್ಟಿನ ಪ್ರತಿ ತನ್ನಿ. ಸಾಧ್ಯವಾದರೆ ಮಗುವನ್ನು ವಿಡಿಯೋ ಕಾಲಿನಲ್ಲಿ ಕೂರಿಸಿ, ಸಂಖ್ಯೆಗಳನ್ನು ಅವನೂ ಬರೆದುಕೊಳ್ಳಲಿ. ಫೀಸು ಇಲ್ಲ, ಚಾ ಮಾತ್ರ ನಿಮ್ಮದು.